ಗ್ಯಾರೇಜಿನಲ್ಲಿ ಹೃಷಿ

ಸರಿಯಾಗಿ ಹೊರಡುವ ದಿನ ಬೆಳಿಗ್ಗೆಯೇ ಗ್ಯಾರೇಜಿನ ಬಾಗಿಲು ಕೈಕೊಟ್ಟಿತು. ರಿಮೋಟ್ ಒತ್ತಿದೆ. ಬಾಗಿಲು ಎಂದಿನಂತೆ ಗೊಣಗುತ್ತಾ ನಾಲ್ಕು ಬೆರಳಷ್ಟು ಮೇಲೆದ್ದಿತು. ಅಷ್ಟರಲ್ಲಿ ಒಳಗೆ ಢಂ ಎಂದು ಏನೋ ಸಿಡಿಯಿತು. ಬಾಗಿಲು ಒಂದು ಮಗ್ಗುಲಿಗೆ ವಾಲಿಕೊಂಡು ಅಲ್ಲೇ ನಿಂತುಬಿಟ್ಟಿತು. ಮತ್ತೆ ಒತ್ತಿದೆ, ಮೋಟಾರು ಮುಲುಗಿತು. ಇನ್ನೊಂದು ಸಲ ಒತ್ತಿದರೆ ಆ ಸದ್ದೂ ಇಲ್ಲ. ಥೂ ನಿನ್ನ, ಅಂದೆ. ಬಾಗಿಲಿಗೂ ಅಂದೆ, ಒಳಗಿದ್ದ ಗಂಡನಿಗೂ ಅಂದೆ.

ಹೌದು, ನನ್ನ ಗಂಡ ಹೃಷಿಕೇಶ್ ಗ್ಯಾರೇಜಿನ ಒಳಗಿದ್ದ. ಅಂದರೆ ಅವನ ಅಸ್ಥಿ ಇತ್ತು. ಕ್ರಿಸ್‌ಮಸ್ಸಿಗೆ ಇನ್ನೇನು ಎನ್ನುವಾಗ ಇಲ್ಲೇ, ನಾವಿರುವ ಊರು ಕಾರ್ಕ್‌ನ ಆಸ್ಪತ್ರೆಯಲ್ಲಿ ಹೋಗಿಬಿಟ್ಟ. ಮೈಸೂರಿನಲ್ಲಿದ್ದ ಅವನ ಅಣ್ಣ ಗೋಪಾಲಕೃಷ್ಣ ಭಾವನಿಗೆ ವೀಸಾ ಸಿಗುವಷ್ಟು ಕಾಲ ಇಲ್ಲಿನವರು ಹೆಣ ಇಟ್ಟುಕೊಂಡು ಕೂರುವುದಿಲ್ಲ. ಹಾಗಾಗಿ ದಹನ ಇಲ್ಲೇ ಆಯಿತು. ಪುರೋಹಿತರು ಮೈಸೂರಿನಿಂದ ಫೋನಿನಲ್ಲಿ ಮಂತ್ರ ಹೇಳಿದರು, ಕಾಲೇಜಿನ ಮೆಟ್ಟಿಲು ಇನ್ನೂ ಹತ್ತದ ನನ್ನ ಮಗಳು ಪ್ರಕೃತಿ ಅಪ್ಪನ ಪೆಟ್ಟಿಗೆಯ ಮೇಲೆ ಕೈಯಿಟ್ಟು ನಿಂತಳು. ನಾನು ಕೋಟಿನ ಗುಂಡಿ ಬಿಚ್ಚುವುದು, ಹಾಕುವುದು ಮಾಡುತ್ತಾ ಕುಳಿತಿದ್ದೆ.

ಅದೇ ದಿನ ಮಧ್ಯಾಹ್ನದ ಬಸ್ಸಿಗೆ ನಾವಿಬ್ಬರೂ ಡಬ್ಲಿನ್‌ಗೆ ಹೋಗಿ ವಿಮಾನ ಹತ್ತಬೇಕಿತ್ತು. ಮೈಸೂರಿಗೆ ಹೋಗಿ, ಮಾರನೆಯ ಬೆಳಿಗ್ಗೆ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಅವನನ್ನು ನೀರಿಗೆ ಬಿಡಬೇಕಿತ್ತು. ಅದಕ್ಕೂ ಮುಂಚೆ ಇನ್ನೊಂದು ಕೆಲಸವಿತ್ತು. ಅತ್ತೆಯವರು ತಮ್ಮ ಮಗನ ಮುಖವನ್ನು ಕೊನೆಯ ಸಲ ನೋಡಿದ್ದು ಫೋನಿನಲ್ಲಿ, ಅದೂ ಕಣ್ಣಿನ ಪೊರೆಯ ಹಿಂದಿನಿಂದ. "ಮುಖವಂತೂ ಕಾಣಲಿಲ್ಲ. ನೀರಿಗೆ ಬಿಡೋ ಮುಂಚೆ ಒಂದೇ ಒಂದು ಸಲ ನನ್ನ ಮಡಿಲಲ್ಲಿ ಇಡೇ ತಾಯಿ. ಹೆತ್ತಿದೀನಿ, ಅಷ್ಟಾದ್ರೂ ಬೇಡ್ವೇನೆ?" ಎಂದು ದಿನಾ ಕೇಳುತ್ತಿದ್ದರು. ತಂದೇ ತರ್ತೀನಿ ಅತ್ತೆ, ಎಂದು ನಾನು ದಿನಾ ಮಾತು ಕೊಡುತ್ತಿದ್ದೆ.

ಹೃಷಿಗೂ ಮಾತು ಕೊಟ್ಟಿದ್ದೆ. ಆಸ್ಪತ್ರೆಯಲ್ಲಿ ಹೊದಿಕೆಯ ಮೇಲೆ ಹೊದಿಕೆ ಹೊದಿಸಿದರೂ ನಡುಗುತ್ತಿದ್ದ. "ದ್ರಾಕ್ಷಾ, ಈ ಚಳೀಲಿ ನನ್ನ ಬಿಟ್ಟುಬಿಡಬೇಡ ಕಣೆ" ಅಂದ. ಸಾಯುವ ಮನುಷ್ಯ ಮಗಳ ಬಗ್ಗೆ ಹೇಳುತ್ತಾನೆ, ಹೆಂಡತಿಯ ಬಗ್ಗೆ ಒಂದು ಒಳ್ಳೆಯ ಮಾತಾಡುತ್ತಾನೆ. ಇವನಿಗೆ ಚಳಿಯದೇ ಚಿಂತೆ. ಆದರೆ ಇವನು ಯಾವತ್ತೂ ಹಾಗೆಯೇ. ಸಾಫ್ಟ್‌ವೇರ್ ಕೆಲಸಕ್ಕೆಂದು ಕಾರ್ಕ್‌ಗೆ ಬಂದ ಮೊದಲ ವರ್ಷದಿಂದಲೂ ಮನೆಯೊಳಗೆ ಮಂಕಿಕ್ಯಾಪ್ ಹಾಕಿಕೊಂಡೇ ಓಡಾಡುತ್ತಿದ್ದ. ನಮ್ಮ ಮಹಡಿಯ ಮೇಲೆ ಬಿಸಿನೀರಿನ ಟ್ಯಾಂಕ್ ಇರುವ ಒಂದು ಬೀರು ಇದೆ. ಇಲ್ಲಿನವರು ಅದಕ್ಕೆ ಹಾಟ್ ಪ್ರೆಸ್ ಅನ್ನುತ್ತಾರೆ, ಟವೆಲು ದುಪ್ಪಟಿ ಇಟ್ಟು ಬೆಚ್ಚಗೆ ಮಾಡಿಕೊಳ್ಳುತ್ತಾರೆ. ಚಳಿಗಾಲದಲ್ಲಿ ದೋಸೆ ಹಿಟ್ಟು ಹುದುಗು ಬರಲಿ ಎಂದು ಹೃಷಿ ಪಾತ್ರೆಯನ್ನು ಅಲ್ಲಿಡುತ್ತಿದ್ದ. ಇಟ್ಟವನು ಬೀರಿನ ಬಾಗಿಲು ತೆರೆದುಕೊಂಡು ಅಲ್ಲೇ ನಿಂತಿರುತ್ತಿದ್ದ. "ಮುಂದಿನ ಜನ್ಮದಲ್ಲಿ ದೋಸೆ ಹಿಟ್ಟಾಗಿ ಹುಟ್ತೀನಿ ಕಣೆ. ಆರಾಮಾಗಿ ಇಲ್ಲೇ ಬಿದ್ದಿರ್ತೀನಿ" ಅನ್ನುತ್ತಿದ್ದ. "ಉಬ್ಬಿ ಚೆಲ್ಲಿದ್ರೆ ಒರೆಸೋಳು ನಾನೇ ತಾನೆ? ಬಾಗಿಲು ಹಾಕು, ಕರೆಂಟ್ ಏನು ನಿಮ್ಮಪ್ಪಂದಾ?" ಅನ್ನುತ್ತಿದ್ದೆ.

ಅಂಥವನನ್ನು ಗ್ಯಾರೇಜಿನಲ್ಲಿ ಇಟ್ಟಿದ್ದೆ. ನನಗೇನು ಆಸೆಯೇ? ಅಸ್ಥಿ ಮನೆಯೊಳಗೆ ಬರಕೂಡದು ಎಂದು ಭಾವ ಫೋನಿನಲ್ಲಿ ಕಟ್ಟಪ್ಪಣೆ ಮಾಡಿದ್ದರು. ನೆಲಕ್ಕೂ ತಾಗಕೂಡದಂತೆ. ಮಣ್ಣಿನ ಪಾತ್ರೆಯಲ್ಲಿ ಹಾಕಿ, ಬಿಳೀ ಬಟ್ಟೆಯಲ್ಲಿ ಕಟ್ಟಿ, ಹೊರಗೆ ತೂಗುಹಾಕಬೇಕಂತೆ. ಊರಲ್ಲಾದರೆ ಮರಕ್ಕೆ ಕಟ್ಟುತ್ತಾರೆ. ಇಲ್ಲಿ ನಮ್ಮ ಮನೆಯ ಮುಂದಿರುವುದು ಸೊಂಟದೆತ್ತರದ ಪೊದೆ. ಗಾರ್ಡನ್ ಸೆಂಟರಿಗೆ ಹೋಗಿ ಮಣ್ಣಿನ ಹೂಕುಂಡ ತಂದೆ. ತಳದ ತೂತಿಗೆ ತೆಂಗಿನ ಚಿಪ್ಪು ಮುಚ್ಚಿ ಅದರೊಳಗೆ ನನ್ನ ಗಂಡನನ್ನು ಸುರಿದೆ. ಗ್ಯಾರೇಜಿನ ಸೂರಿನಲ್ಲಿ ಒಂದು ಕೊಕ್ಕೆ ಇಲ್ಲ, ಒಂದು ಮೊಳೆ ಇಲ್ಲ. ಇದ್ದದ್ದು ಬಾಗಿಲನ್ನು ಎಳೆಯುವ ಕಬ್ಬಿಣದ ಪಟ್ಟಿಯೊಂದೇ. ಬಾಗಿಲಿನ ನೆತ್ತಿಯಿಂದ ಹಿಂದಿನ ಗೋಡೆಯ ಹತ್ತಿರದ ಮೋಟಾರಿನವರೆಗೆ ಸೂರಿನ ಕೆಳಗೆ ಉದ್ದಕ್ಕೂ ಹೋಗುತ್ತದೆ. ಅದರ ಹಿಂದಿನ ತುದಿಗೆ, ಬಾಗಿಲು ಬರದ ಜಾಗ ನೋಡಿ ಕಟ್ಟಿದೆ. ಕೆಳಗೆ ಹುಲ್ಲು ಕತ್ತರಿಸುವ ಯಂತ್ರ, ಪಕ್ಕದಲ್ಲಿ ಹಳೆಯ ಪೇಂಟ್ ಡಬ್ಬಗಳು.

ಮಗಳು ಬಂದು ನೋಡಿದಳು. ಅವಳಿಗೆ ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಕಾರ್ಕ್‌ನ ಹುಡುಗಿಯರ ರಾಗದ ಇಂಗ್ಲಿಷಿನಲ್ಲಿ. "ಅಪ್ಪ ಈಸ್ ಹ್ಯಾಂಗಿಂಗ್ ಓವರ್ ದ ಲಾನ್‌ಮೋವರ್, ಅಮ್ಮಾ" ಅಂದಳು. ನಾನು ಕೇಳಿಸದವಳಂತೆ ಗಂಟು ಬಿಗಿದೆ.

ಗ್ಯಾರೇಜಿಗೆ ಇನ್ನೊಂದು ಬಾಗಿಲಿತ್ತು. ಅಡುಗೆಮನೆಯಿಂದ ನೇರವಾಗಿ ಹೋಗುವ ಬಾಗಿಲು. ಅದನ್ನು ಮುಚ್ಚಿಸಿದ ಪುಣ್ಯಾತ್ಮನೇ ಈಗ ಒಳಗೆ ತೂಗಾಡುತ್ತಿದ್ದ. ಕಾಯಿಲೆ ಗೊತ್ತಾದ ಮೇಲೆ ಅವನು ಯಾರು ಏನು ಹೇಳಿದರೂ ಕೇಳುತ್ತಿದ್ದ. ಮೈಸೂರಿನ ವಾಸ್ತುವಿನವನೊಬ್ಬ ವೀಡಿಯೋದಲ್ಲಿ ಮನೆ ಸುತ್ತ ನೋಡಿ, ನೈಋತ್ಯಕ್ಕೆ ಬಾಗಿಲಿದ್ದರೆ ಯಜಮಾನನ ಆಯುಸ್ಸು ಅದರಲ್ಲೇ ಸೋರಿಹೋಗುತ್ತದೆ ಅಂದ. ಹಾಕಿ ಬೀಗ ಜಡಿದರೆ ಸಾಲದು, ಗೋಡೆಯೇ ಆಗಬೇಕು ಅಂದ. ನಾನು ಕೂಗಾಡಿದೆ. "ಕೀಮೋ ಮಾಡ್ತಿರೋ ಡಾಕ್ಟರ್‌ಗಿಂತ ಅವನು ದೊಡ್ಡವನಾ?" ಅಂದೆ. ಹೃಷಿ ನನ್ನನ್ನೇ ನೋಡಿದ. ಆ ನೋಟದ ಮುಂದೆ ಯಾರು ವಾದ ಮಾಡುತ್ತಾರೆ? ಗಾರೆಯವರು ಬಂದು ಕಾಂಕ್ರೀಟ್ ಇಟ್ಟಿಗೆ ಕಟ್ಟಿ ಸಿಮೆಂಟು ಬಳಿಯುವವರೆಗೂ ಶಾಲು ಹೊದ್ದು ಪಕ್ಕದಲ್ಲೇ ಕುಳಿತಿದ್ದ. ಒಣಗಿದ ಮೇಲೆ ತಾನೇ ಬಣ್ಣ ಹಚ್ಚಿ, ಮೊಳೆ ಹೊಡೆದು, ಲಕ್ಷ್ಮಿಯ ಕ್ಯಾಲೆಂಡರ್ ತೂಗುಹಾಕಿದ. ಅವತ್ತು ರಾತ್ರಿ ಎರಡು ಚಪಾತಿ ತಿಂದ. ನಾನೂ ಆ ಎರಡು ಚಪಾತಿ ನೋಡಿ ವಾಸ್ತುವಿನವನನ್ನು ನಂಬಿಬಿಟ್ಟೆ.

ಈಗ ಹೊರಗೆ ಮಂಜು ಹೆಪ್ಪುಗಟ್ಟಿ ರಸ್ತೆಯೆಲ್ಲ ಗಾಜಾಗಿತ್ತು. ಸದ್ದು ಕೇಳಿ ಪಕ್ಕದ ಮನೆಯ ಡೆನಿಸ್ ಬಂದ. ಬಸ್ ಓಡಿಸಿ ರಿಟೈರಾದವನು, ವಯಸ್ಸಾದವನು. ಹೃಷಿ ಸತ್ತಾಗ ಇಡೀ ಬೀದಿಯವರ ಪರವಾಗಿ ಸ್ಯಾಂಡ್‌ವಿಚ್ ತಂದುಕೊಟ್ಟು, ಚಹಾ ಕಾಯಿಸಿ, ಕಪ್ಪು ತೊಳೆದಿಟ್ಟು ಹೋದವನು. ಬಾಗಿಲನ್ನು ಒಮ್ಮೆ ನೋಡಿ, ಚಳಿಗೆ ಸ್ಪ್ರಿಂಗ್ ಮುರಿದಿದೆ, ತಂತಿಯೂ ಹೋಗಿದೆ, ಏನೂ ಯೋಚನೆ ಮಾಡಬೇಡ, ಎಲ್ಲ ಗ್ರ್ಯಾಂಡ್ ಅಂದ. ಇಲ್ಲಿಯವರು ಮನೆಗೆ ಬೆಂಕಿ ಬಿದ್ದರೂ ಗ್ರ್ಯಾಂಡ್ ಅನ್ನುತ್ತಾರೆ. ಮನೆಗೆ ಹೋಗಿ ಹಾರೆ ತಂದ. ಕೆಳಗೆ ಕೊಟ್ಟು ಎತ್ತಿದರೆ ಬಾಗಿಲು ಬಂದೇ ಬರುತ್ತದೆ ಎಂದು ಬಗ್ಗಿದ.

"ಅಮ್ಮಾ, ವೇಟ್" ಎಂದು ಪ್ರಕೃತಿ ಕಿರುಚಿದಳು. ಅವಳು ಮಂಜಿನ ಮೇಲೆಯೇ ಮಲಗಿ, ಫೋನಿನ ಟಾರ್ಚ್ ಹಿಡಿದು, ಸಂದಿಯೊಳಗೆ ನೋಡುತ್ತಿದ್ದಳು. ಡೆನಿಸ್ ಕಷ್ಟಪಟ್ಟು ಕೆಳಗೆ ಕುಳಿತು ನೋಡಿದ. ಎದ್ದವನು ಹಾರೆಯನ್ನು ಗೋಡೆಗೆ ಒರಗಿಸಿ ಟೋಪಿ ತೆಗೆದ.

ನಾನೂ ಮಲಗಿ ನೋಡಿದೆ. ಕೆನ್ನೆ ಮಂಜಿಗೆ ಅಂಟಿಕೊಂಡಿತು. ತುಂಡಾದ ಉಕ್ಕಿನ ತಂತಿ ಸಿಡಿದು ಹಿಂದಕ್ಕೆ ಹಾರಿ, ಸರಿಯಾಗಿ ಹೋಗಿ ಕುಂಡದ ಬಿಳೀ ಬಟ್ಟೆಯ ಗಂಟಿಗೆ ಸುತ್ತಿಕೊಂಡಿತ್ತು. ಇನ್ನೊಂದು ತುದಿ ಬಾಗಿಲಿನಲ್ಲೇ ಇತ್ತು. ಕುಂಡ ಒಂದು ಕಡೆಗೆ ವಾಲಿ ಮೆಲ್ಲಗೆ ಆಡುತ್ತಿತ್ತು. ಬಾಗಿಲು ಎತ್ತಿದರೆ ತಂತಿ ಎಳೆಯುತ್ತದೆ, ಎಳೆದರೆ ಕುಂಡ ಕೆಳಗೆ. ಇಷ್ಟು ಅರ್ಥವಾಗುವುದಕ್ಕೆ ಇಂಜಿನಿಯರ್ ಆಗಬೇಕಿಲ್ಲ. ಪ್ರಕೃತಿ ಸಂದಿಯಲ್ಲಿ ಭುಜದವರೆಗೂ ಕೈ ತೂರಿಸಿದಳು, ಎಟುಕಿಸುತ್ತೇನೆ ಎನ್ನುವ ಹಾಗೆ. ಅವಳ ಬೆರಳಿಗೂ ಅವಳಪ್ಪನಿಗೂ ನಡುವೆ ಒಂದು ಇಡೀ ಕಾರು ನಿಲ್ಲುವಷ್ಟು ಜಾಗ ಇತ್ತು.

ಬಾಗಿಲು ರಿಪೇರಿಯವರಿಗೆ ಫೋನ್ ಮಾಡಿದೆ. ಆ ಕಡೆಯ ಹುಡುಗಿ ಬಲು ಮೃದುವಾಗಿ, ಈ ಚಳಿಗೆ ಊರೆಲ್ಲ ಸ್ಪ್ರಿಂಗ್ ಮುರಿದುಕೊಂಡಿದೆ, ರಸ್ತೆ ಬೇರೆ ಜಾರುತ್ತಿದೆ, ಸೋಮವಾರ ಬರುತ್ತಾರೆ ಅಂದಳು. ಒಳಗೆ ತುಂಬಾ ಮುಖ್ಯವಾದದ್ದು ಇದೆ ಅಂದೆ. ಕಾರಾ ಎಂದು ಕೇಳಿದಳು. ಗಂಡ ಎಂದು ಹೇಗೆ ಹೇಳಲಿ? ಹೇಳಿದ್ದರೆ ಪೊಲೀಸರನ್ನು ಕಳಿಸುತ್ತಿದ್ದಳು. ಸೋಮವಾರ ಬನ್ನಿ ಎಂದು ಇಟ್ಟೆ. ಅಷ್ಟು ಹೊತ್ತಿಗೆ ಅವನು ನೀರಿನಲ್ಲಿ ಇರಬೇಕಾಗಿತ್ತು.

ಉಳಿದದ್ದು ಅಡುಗೆಮನೆಯ ಗೋಡೆ. ಒಡೆಯುವ ಮುಂಚೆ ಒಂದು ಮಾತು ಕೇಳೋಣ ಎಂದು ಭಾವನಿಗೆ ಫೋನ್ ಮಾಡಿದೆ. ಕೇಳಬಾರದಿತ್ತು.

"ಗೋಡೆ ಒಡೆದ್ರೆ ಅಸ್ಥಿ ಅಡುಗೆಮನೆ ಮೂಲಕ ತಾನೆ ಬರೋದು? ಆಗಲ್ಲಮ್ಮ, ಆಗಲೇ ಆಗಲ್ಲ" ಅಂದರು.

"ಭಾವ, ಬೇರೆ ದಾರಿ ಇಲ್ಲ. ರಿಪೇರಿಯವರು ಬರೋದು ಸೋಮವಾರ. ಮಧ್ಯಾಹ್ನ ಬಸ್ಸಿದೆ."

"ಸೋಮವಾರ ಆದ್ಮೇಲೆ ಬನ್ನಿ ಅನ್ನೋಣ ಅಂದ್ರೆ ಪುರೋಹಿತರು ಸಿಗಲ್ಲ. ದಿನ ಗೊತ್ತು ಮಾಡಿ ಆಗಿದೆ. ಅಮ್ಮ ಅನ್ನ ಬಿಟ್ಟು ಕೂತಿದಾರೆ ದ್ರಾಕ್ಷಾಯಿಣಿ. ಬರೀ ನೀರು, ಮಜ್ಜಿಗೆ. ಇನ್ನೊಂದು ವಾರ ತಡೀತಾರೆ ಅಂತ ನನಗೆ ಧೈರ್ಯ ಇಲ್ಲ." ಆಮೇಲೆ ದನಿ ತಗ್ಗಿಸಿದರು. "ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ಅಮ್ಮನಿಗೆ ಕಣ್ಣು ಕಾಣಲ್ಲ. ಬಚ್ಚಲೊಲೆ ಬೂದೀನೇ ಒಂದು ಮಡಿಕೇಲಿ ಹಾಕಿ ಬಟ್ಟೆ ಕಟ್ಟಿ ಮಡಿಲಲ್ಲಿ ಇಟ್ರೆ ಆಯ್ತು. ನೀವು ಬರಿಗೈಲಿ ಬನ್ನಿ."

"ಬಚ್ಚಲೊಲೆ ಬೂದಿನಾ? ಅವನು ನಿಮ್ಮ ತಮ್ಮ, ಭಾವ!"

"ನನಗೆ ಗೊತ್ತಿಲ್ವೇನಮ್ಮ?" ಅಂದರು. ಅವರಿಗೂ ನೋವಿತ್ತು, ಅದು ನನಗೆ ಗೊತ್ತಾಯಿತು. ಆದರೂ ಆ ಹೊತ್ತಿನಲ್ಲಿ ನನಗೆ ಯಾರ ನೋವೂ ಬೇಕಿರಲಿಲ್ಲ.

"ಅತ್ತೆ ಮಡಿಲಿಗೆ ಹೃಷೀನೇ ಬರ್ತಾನೆ. ಅಡುಗೆಮನೆಯಿಂದ ಬರ್ಲಿ, ಆಕಾಶದಿಂದ ಬರ್ಲಿ. ನೀವು ಬೂದಿ ಗೀದಿ ಮುಟ್ಟಬೇಡಿ" ಎಂದು ಫೋನ್ ಕುಕ್ಕಿದೆ.

ಡೆನಿಸ್ ದೊಡ್ಡ ಸುತ್ತಿಗೆ ತಂದ. ತಾನೇ ಹೊಡೆಯುತ್ತೇನೆ ಅಂದ. ನಾನು ಕೊಡಲಿಲ್ಲ. ಕ್ಯಾಲೆಂಡರ್ ತೆಗೆದು ಒಲೆಯ ಪಕ್ಕ ಇಟ್ಟೆ. ಗೋಡೆಯ ಆ ಭಾಗದ ಬಣ್ಣ ಉಳಿದದ್ದಕ್ಕಿಂತ ಸ್ವಲ್ಪ ದಟ್ಟವಾಗಿತ್ತು. ಕುಂಚದ ಕೂದಲೊಂದು ಬಣ್ಣದೊಳಗೆ ಸಿಕ್ಕಿಕೊಂಡಿತ್ತು. ಶಾಲು ಹೊದ್ದುಕೊಂಡು, ಉಸಿರು ಸಿಕ್ಕದೆ, ಎರಡು ಸಲ ಹಚ್ಚಿ ಒಂದು ಸಲ ಕುಳಿತು ಹಚ್ಚಿದ ಬಣ್ಣ. ಬದುಕಬೇಕು ಎಂದು ಹಚ್ಚಿದ ಬಣ್ಣ. ನನಗೆ ಅಳು ಬಂದಿತು, ಅದಕ್ಕಿಂತ ಜಾಸ್ತಿ ಸಿಟ್ಟು ಬಂದಿತು. "ಏನು ಉಳೀತು ಇದರಿಂದ? ಹೇಳು, ಏನು ಉಳೀತು?" ಎಂದು ಕೂಗಿಯೇ ಮೊದಲ ಏಟು ಹಾಕಿದೆ.

ಗೋಡೆ ಸುಲಭಕ್ಕೆ ಬಗ್ಗಲಿಲ್ಲ. ಹೃಷಿ ಗಾರೆಯವರಿಗೆ ಗಟ್ಟಿಯಾಗಿ ಕಟ್ಟಿ ಎಂದು ಹೇಳಿ ಹೇಳಿ ಕಟ್ಟಿಸಿದ್ದ. ಏಟು ಬಿದ್ದ ಹಾಗೆಲ್ಲ ಸೂರಿನಿಂದ ಸುಣ್ಣದ ಪುಡಿ ಉದುರಿತು, ಶೆಲ್ಫಿನ ಲೋಟಗಳು ಗಲಗಲ ಎಂದವು. ನನ್ನ ಕೈ ಸೋತಾಗ ಡೆನಿಸ್ ಕೇಳದೆಯೇ ಸುತ್ತಿಗೆ ತೆಗೆದುಕೊಂಡ. ಅವನು ಸೋತಾಗ ನಾನು. ಪ್ರಕೃತಿ ಹೊರಗೆ ಬಾಗಿಲಿನ ಸಂದಿಯಲ್ಲಿ ಟಾರ್ಚ್ ಹಿಡಿದು ಮಲಗಿ, ಕುಂಡ ಹೇಗಿದೆ ಎಂದು ಫೋನಿನಲ್ಲಿ ಹೇಳುತ್ತಿದ್ದಳು. "ಸ್ಟಿಲ್ ದೇರ್, ಅಮ್ಮಾ. ಸ್ಟಿಲ್ ದೇರ್." ಅವಳ ಹಲ್ಲು ಕಟಕಟ ಎನ್ನುವುದು ನನಗೆ ಕೇಳುತ್ತಿತ್ತು.

ಕೊನೆಗೆ ಮಧ್ಯದ ಇಟ್ಟಿಗೆಯೊಂದು ಅಲ್ಲಾಡಿತು. ನನಗೆ ಎಲ್ಲಿಂದಲೋ ಶಕ್ತಿ ಬಂದು ಜೋರಾಗಿ ಹೊಡೆದೆ. ಇಟ್ಟಿಗೆ ಒಳಗೆ ಬಿತ್ತು. ಗ್ಯಾರೇಜಿನ ಕತ್ತಲೂ ಚಳಿಯೂ ಆ ತೂತಿನಿಂದ ಅಡುಗೆಮನೆಗೆ ನುಗ್ಗಿದವು. ಸಂತೋಷದಿಂದ ಇನ್ನೊಂದು ಹೊಡೆದೆ. ಮತ್ತೆರಡು ಇಟ್ಟಿಗೆ ಒಟ್ಟಿಗೆ ಬಿದ್ದವು. ಅದರ ಹಿಂದೆಯೇ ಇನ್ನೊಂದು ಸದ್ದು, ಇಟ್ಟಿಗೆಯದಲ್ಲದ ಸದ್ದು ಬಂದಿತು. ಅಡುಗೆಮನೆಯಲ್ಲಿ ಮಡಕೆಯೊಂದು ಕೈಜಾರಿದರೆ ಬರುವಂಥದ್ದು.

ಫೋನಿನಲ್ಲಿ ಮಗಳ "ಸ್ಟಿಲ್ ದೇರ್" ನಿಂತುಹೋಯಿತು. "ಪ್ರಕೃತಿ, ಏನಾಯ್ತು? ಪುಟ್ಟಾ, ಏನಾಯ್ತು ಹೇಳು" ಎಂದೆ. ಆಗ ಅವಳು ಕನ್ನಡದಲ್ಲಿ ಹೇಳಿದಳು. ಎಷ್ಟೋ ವರ್ಷಗಳ ಮೇಲೆ ಅವಳ ಬಾಯಲ್ಲಿ ಬಂದ ಕನ್ನಡ. "ಅಪ್ಪ ಬಿದ್ದೋದ್ರು ಅಮ್ಮಾ."

ತೂತನ್ನು ದೊಡ್ಡದು ಮಾಡಿ ಒಳಗೆ ತೂರಿಕೊಂಡೆವು. ಕುಂಡ ಹುಲ್ಲಿನ ಯಂತ್ರದ ಮೇಲೆ ಬಿದ್ದು ಚೂರಾಗಿತ್ತು. ಬಟ್ಟೆ ಹರಿದಿತ್ತು. ಅವನು ನೆಲದ ತುಂಬ ಇದ್ದ. ಅವನ ಮೇಲೆ ನಾನು ಒಡೆದ ಗೋಡೆಯ ಧೂಳು ಕೂತಿತ್ತು, ಇನ್ನೂ ಕೂರುತ್ತಲೇ ಇತ್ತು. ಟಾರ್ಚಿನ ಬೆಳಕಿನಲ್ಲಿ ಎರಡೂ ಒಂದೇ ಬಣ್ಣ. ಯಾವುದು ಸಿಮೆಂಟು, ಯಾವುದು ನನ್ನ ಗಂಡ ಎಂದು ಗುರುತು ಸಿಗಲಿಲ್ಲ. ಹದಿನೆಂಟು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದ್ದೆ, ಗುರುತು ಸಿಗಲಿಲ್ಲ.

ಡೆನಿಸ್ ಪೊರಕೆ ತರಲು ಹೊರಟ. "ಬೇಡ" ಎಂದು ಕನ್ನಡದಲ್ಲೇ ಅರಚಿದೆ. ಅವನಿಗೆ ಅರ್ಥವಾಯಿತು, ಅಲ್ಲೇ ನಿಂತ. ಮನುಷ್ಯನನ್ನು ಪೊರಕೆಯಲ್ಲಿ ಗುಡಿಸುತ್ತಾರೆಯೇ? ಅಡುಗೆಮನೆಯಲ್ಲಿ ಕೈಗೆ ಮೊದಲು ಸಿಕ್ಕಿದ್ದು ದೋಸೆ ಹಿಟ್ಟಿನ ದೊಡ್ಡ ಸ್ಟೀಲ್ ಪಾತ್ರೆ. ಅದನ್ನು ತಂದು ನೆಲದಲ್ಲಿ ಕುಳಿತು ಅಂಗೈಯಲ್ಲಿ ಬಳಿದು ಬಳಿದು ತುಂಬಿದೆ. ಪ್ರಕೃತಿ ಒಳಗೆ ಬಂದು ಎದುರಿಗೆ ಕುಳಿತಳು. ಚಿಕ್ಕ ಚಿಕ್ಕ ಮೂಳೆ ಚೂರು ಸಿಕ್ಕಿದಾಗ ಇದು ಖಂಡಿತ ಅಪ್ಪ ಎನ್ನುವ ಹಾಗೆ ನನಗೆ ತೋರಿಸಿ ಪಾತ್ರೆಗೆ ಹಾಕುತ್ತಿದ್ದಳು. ಬಾಗಿಲಿನ ಸಂದಿಯಿಂದ ಬಂದ ಮಂಜಿನ ನೀರು ನೆಲದ ಒಂದು ಬಿರುಕಿನಲ್ಲಿ ನಿಂತಿತ್ತು. ಅದರೊಳಗೆ ಹೋದದ್ದು ಕೆಸರಾಗಿ ಉಗುರಿಗೂ ಬರಲಿಲ್ಲ. ಅಲ್ಲಿಗೆ ಅವನು ಒಂದಿಷ್ಟು ಈ ಚಳಿಯಲ್ಲೇ ಉಳಿದ.

ಬಸ್ಸಿನ ಹೊತ್ತು ಆಗಲೇ ಮೀರಿತ್ತು. ಡೆನಿಸ್ ತಾನೇ ಡಬ್ಲಿನ್‌ವರೆಗೂ ಕಾರಿನಲ್ಲಿ ಬಿಡುತ್ತೇನೆ, ನಿಧಾನವಾಗಿ ಹೋದರೆ ಈಗಲೂ ವಿಮಾನ ಸಿಗಬಹುದು ಅಂದ. ಆ ಮಂಜಿನಲ್ಲಿ, ಆ ವಯಸ್ಸಿನಲ್ಲಿ ನಿಜವಾಗಿಯೂ ಹೊರಡುತ್ತಿದ್ದ. ನಾನು ಪಾತ್ರೆಯೊಳಗೆ ನೋಡಿದೆ. ಅರ್ಧ ಸಿಮೆಂಟು, ಅರ್ಧ ಮಗ. ಇದನ್ನು ಅತ್ತೆಯ ಮಡಿಲಲ್ಲಿಟ್ಟು ಇದೇ ನಿಮ್ಮ ಹೃಷಿ ಎನ್ನುವುದಕ್ಕೂ ಭಾವ ಹೇಳಿದ ಬಚ್ಚಲೊಲೆಗೂ ಏನು ವ್ಯತ್ಯಾಸ? ಬೇಡ, ನಾವು ಹೋಗುವುದಿಲ್ಲ ಎಂದು ಡೆನಿಸನಿಗೆ ಹೇಳಿದೆ.

ಭಾವನಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದೆ. ಅವರು ಬೈಯಲಿಲ್ಲ. ನೋಡು, ಹೇಳಿದ್ದೆ ತಾನೆ ಎಂದೂ ಅನ್ನಲಿಲ್ಲ. ಅಂದಿದ್ದರೆ ಜಗಳವಾಡಬಹುದಿತ್ತು. "ಸರಿ ಬಿಡಮ್ಮ, ಇಲ್ಲಿಂದು ನಾನು ನೋಡ್ಕೋತೀನಿ. ನೀವಾದ್ರೂ ಬನ್ನಿ" ಅಂದರು. ಆ ನಾಟಕ ನೋಡಲು ನಾನು ಬರುವುದಿಲ್ಲ ಎಂದೆ.

"ಅಮ್ಮನಿಗೆ ಏನು ಹೇಳ್ಲಿ?"

"ವಿಮಾನ ಕ್ಯಾನ್ಸಲ್ ಆಯ್ತು, ಬೇರೆ ಯಾರೋ ಬರೋರ ಕೈಲಿ ಕಳ್ಸಿದಾಳೆ ಅನ್ನಿ" ಅಂದೆ. ಸುಳ್ಳಿನ ಉಳಿದರ್ಧವನ್ನು ನಾನೇ ಕಟ್ಟಿಕೊಟ್ಟಂತಾಯಿತು.

ಪಾತ್ರೆಗೆ ಮುಚ್ಚಳ ಹಾಕಿ ಅಡುಗೆಮನೆಯ ಮೇಜಿನ ಮೇಲಿಟ್ಟೆ. ಒಳಗೆ ಬರಬಾರದವನು ಒಳಗೆ ಬಂದಾಗಿತ್ತು, ನೆಲಕ್ಕೆ ತಾಗಬಾರದವನು ತಾಗಿಯಾಗಿತ್ತು. ಇನ್ನು ಯಾವ ಶಾಸ್ತ್ರ? ಗೋಡೆಯ ತೂತಿಗೆ ಡೆನಿಸ್ ರಟ್ಟು ಅಂಟಿಸಿಕೊಟ್ಟು ಹೋದ. ಆದರೆ ವಾಲಿದ ಬಾಗಿಲಿನಿಂದ ಗ್ಯಾರೇಜಿಗೆ, ಗ್ಯಾರೇಜಿನಿಂದ ರಟ್ಟಿನ ಸಂದಿಗೆ ಗಾಳಿ ದಾರಿ ಮಾಡಿಕೊಂಡಿತು. ಹೀಟಿಂಗ್ ಎಷ್ಟು ಉರಿದರೂ ಅಡುಗೆಮನೆ ಬಿಸಿಯೇರಲಿಲ್ಲ. ನಾವಿಬ್ಬರೂ ಕೋಟು ಹಾಕಿಕೊಂಡೇ ಬ್ರೆಡ್ಡು ತಿಂದೆವು. ಪಶ್ಚಿಮವಾಹಿನಿಯಲ್ಲಿ ಕೆಲಸ ನಡೆಯುವ ದಿನ ನಾನು ಅಲ್ಲೇ ಮೇಜಿನ ಪಕ್ಕ ಕುಳಿತೆ, ಪಾತ್ರೆಯ ಮುಖ ನೋಡಿಕೊಂಡು. ಅಲ್ಲಿ ಈಗ ನೀರಿಗೆ ಇಳಿಯುತ್ತಿರುತ್ತಾರೆ ಅಂದುಕೊಂಡೆ. ಇವನು ಇಲ್ಲಿ ಕೂತಿದ್ದಾನೆ ಅಂದುಕೊಂಡೆ. ಅವನಿಗೆ ಹೇಳಲು ನನ್ನ ಹತ್ತಿರ ಒಂದು ಬೈಗುಳವೂ ಉಳಿದಿರಲಿಲ್ಲ.

ಅತ್ತೆ ವೀಡಿಯೋ ಕರೆ ಮಾಡಿಸಿದರು. ಭಾವ ಫೋನ್ ಹಿಡಿದಿರಬೇಕು, ಅವರ ಮುಖ ಕಾಣಲಿಲ್ಲ. ಅತ್ತೆಯ ಕೂದಲು ಇನ್ನೂ ಒದ್ದೆಯಿತ್ತು. ಇಷ್ಟು ದಿನಗಳಲ್ಲಿ ಮೊದಲ ಸಲ ಅವರ ಮುಖ ಸಡಿಲವಾಗಿತ್ತು.

"ದ್ರಾಕ್ಷಾ, ಊಟ ಮಾಡ್ದೇನೆ?" ಅಂದರು.

"ಮಾಡ್ದೆ ಅತ್ತೆ. ನೀವು?"

"ಇವತ್ತು ಒಂದು ತುತ್ತು ಇಳೀತು. ಆಯ್ತು ಕಣೆ ಎಲ್ಲ, ಚೆನ್ನಾಗಿ ಆಯ್ತು. ನೀನು ಬರೋಕಾಗ್ಲಿಲ್ಲ ಅಂತ ಕೊರಗಬೇಡ. ಕಳ್ಸಿದ್ಯಲ್ಲ, ನೀನು ಕೊಟ್ಟ ಮಾತು ಉಳಿಸ್ಕೊಂಡೆ." ಅವರು ಎರಡೂ ಕೈಯನ್ನು ಮಡಿಲಲ್ಲಿ ಬೊಗಸೆ ಮಾಡಿ ತೋರಿಸಿದರು. "ಇಲ್ಲೇ ಇಟ್ಕೊಂಡಿದ್ದೆ, ಬೆಳಿಗ್ಗೆ. ಕೊಡೋಕೇ ಮನಸ್ಸಿಲ್ಲ ನನಗೆ. ಒಂದು ವಿಷಯ ಹೇಳ್ತೀನಿ, ಕೇಳು. ನನ್ನ ಮಗ ಬೆಚ್ಚಗಿದ್ದ ಕಣೆ."

ಭಾವ ಹಿಡಿದಿದ್ದ ಫೋನ್ ಪಕ್ಕಕ್ಕೆ ಸರಿಯಿತು, ಅತ್ತೆಯ ಮುಖ ಒಂದು ಕ್ಷಣ ಚೌಕಟ್ಟಿನಿಂದ ಆಚೆ ಹೋಗಿ ಬಂದಿತು.

"ನಿಜವಾಗ್ಲೂ ಬೆಚ್ಚಗಿದ್ದ. ಮಡಿಕೆ ಮೇಲೆ ಕೈ ಇಟ್ರೆ ಗೊತ್ತಾಗ್ತಿತ್ತು. ಹುಟ್ಟಿದಾಗ ಹೇಗಿದ್ನೋ ಹಾಗೆ. ಆ ಹಾಳು ಚಳಿ ದೇಶದಿಂದ ಅಷ್ಟು ದೂರ ಬಂದ್ನಲ್ಲ, ಆದ್ರೂ ನೋಡು, ಬೆಚ್ಚಗೆ ಬಂದ. ನೀನು ಚೆನ್ನಾಗಿ ನೋಡ್ಕೊಂಡಿದೀಯ, ತಾಯಿ. ನನ್ನ ಮಗನ್ನ ಚಳೀಲಿ ಬಿಡ್ಲಿಲ್ಲ ನೀನು."

"ಇಲ್ಲ ಅತ್ತೆ" ಅಂದೆ. "ಬಿಡ್ಲಿಲ್ಲ."

ಫೋನ್ ಇಟ್ಟೆ. ಇನ್ನು ಇವನನ್ನು ಯಾರ ಹತ್ತಿರ ಒಯ್ಯಲಿ? ಹೆತ್ತವಳು ಮಡಿಲು ತುಂಬಿ, ಅತ್ತು, ಬಿಟ್ಟುಕೊಟ್ಟು, ಊಟ ಮಾಡಿಯಾಗಿತ್ತು. ಕಾವೇರಿ ನೀರಿನಲ್ಲಿ ಬಚ್ಚಲೊಲೆಯ ಬೂದಿ ಹೃಷಿಯಾಗಿ ಹರಿದುಹೋಗಿತ್ತು. ಇವನನ್ನು ಕದ್ದುಮುಚ್ಚಿ ಅದೇ ಊರಿಗೆ ತೆಗೆದುಕೊಂಡು ಹೋಗಿ, ಅತ್ತೆಗೆ ಗೊತ್ತಾಗದ ಹಾಗೆ ಕಳ್ಳಿಯಂತೆ ನೀರಿಗೆ ಸುರಿದು ಬರಲೇ? ಇವನಿಗಾಗಿ ಅಲ್ಲಿ ಈಗ ಯಾರೂ ಕಾಯುತ್ತಿರಲಿಲ್ಲ.

ಪ್ರಕೃತಿ ಬಂದು ಪಾತ್ರೆಯ ಮೇಲೆ ಕೈಯಿಟ್ಟಳು. ತಟ್ಟನೆ ಹಿಂದಕ್ಕೆ ತೆಗೆದುಕೊಂಡಳು. "ಹೀ ಈಸ್ ಫ್ರೀಜಿಂಗ್, ಅಮ್ಮಾ."

ನಾನು ಮುಟ್ಟಿ ನೋಡಿದೆ. ಸ್ಟೀಲು ಬೆರಳಿಗೆ ಕಚ್ಚಿಕೊಳ್ಳುವಷ್ಟು ತಣ್ಣಗಿತ್ತು. ಎರಡೂ ಕೈಯಲ್ಲಿ ಎತ್ತಿ ಎದೆಗೆ ಒತ್ತಿಕೊಂಡು ಮೆಟ್ಟಿಲು ಹತ್ತಿದೆ. ಪ್ರಕೃತಿ ಮುಂದೆ ಹೋಗಿ ಹಾಟ್ ಪ್ರೆಸ್ಸಿನ ಬಾಗಿಲು ತೆರೆದಳು, ನಾನು ಹೇಳದೆಯೇ ಟವೆಲುಗಳನ್ನು ಪಕ್ಕಕ್ಕೆ ಸರಿಸಿದಳು. ಅವನು ಯಾವಾಗಲೂ ಹಿಟ್ಟಿಡುತ್ತಿದ್ದ ಜಾಗದಲ್ಲಿ, ಟ್ಯಾಂಕಿಗೆ ಒತ್ತಿಕೊಂಡಂತೆ ಇಟ್ಟೆ. ಸುತ್ತ ಒಂದು ಟವೆಲು ಹೊದಿಸಿದೆ. ನಾವಿಬ್ಬರೂ ಬೀರಿನ ಬಾಗಿಲು ಹಾಕದೆ ಅಲ್ಲೇ ನಿಂತುಕೊಂಡು, ಆಗಾಗ ಕೈಯಿಟ್ಟು ನೋಡಿದೆವು, ಬೆಚ್ಚಗಾದನೇ ಎಂದು.